ಬುಕಿಂಗ್ ಶುಲ್ಕ ಉಳಿಸಿದ ಲೆಕ್ಕದ ಮಾಸ್ತರ

ಗೆಳೆಯರೇ, ಇವತ್ತು ರವಿವಾರ, ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸೊಲ್ಲಾಪುರಕ್ಕೆ ರೈಲು ಟಿಕೆಟ್ ತೆಗೆಯುತ್ತಿದ್ದೆ. ದುಡ್ಡು ಕಟ್ಟುವ ಹೊತ್ತಿಗೆ ಬುಕಿಂಗ್ ಶುಲ್ಕ ಬೇರೆ, ಕಾರ್ಡಿನ ಶುಲ್ಕ ಬೇರೆ ಬಂದು ಕೂತವು. ಲೆಕ್ಕದ ಮಾಸ್ತರನಾದ ನನಗೆ ಪಿತ್ತ ನೆತ್ತಿಗೇರಿತು. ಮೊಬೈಲು ಕಿಸೆಗೆ ಹಾಕಿ, ಶಹಾಪುರದಿಂದ ಬಸ್ಸು ಹತ್ತಿ ಯಾದಗಿರಿ ಸ್ಟೇಷನ್ನಿಗೇ ಹೋದೆ. ಪಾಳಿಯಲ್ಲಿ ನಿಂತು ಕೌಂಟರಿನಲ್ಲಿ ಟಿಕೆಟ್ ತೆಗೆಸಿದೆ. ಗೆದ್ದ ಖುಷಿಗೆ ಒಂದು ಪ್ಲೇಟ್ ಮಿರ್ಚಿ ಭಜಿ ತಿಂದು ಚಹಾ ಕುಡಿದೆ.

ಮನೆಗೆ ಬಂದು ಹೆಂಡತಿಯ ಮುಂದೆ ಟಿಕೆಟ್ ಹಿಡಿದೆ. "ನೋಡು, ಒಂದ್ ಪೈಸಾ ಹೆಚ್ಚಿಗಿ ಕೊಟ್ಟಿಲ್ಲ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು, "ಹೋಗಾಕ ಬರಾಕ ಬಸ್ಸಿಗೆ ಎಷ್ಟಾತ್ರಿ?"

ಮಿರ್ಚಿಯ ಸುದ್ದಿ ಎತ್ತದೆ ಹೇಳಿದೆ. ಬಸ್ಸಿನ ಖರ್ಚೊಂದೇ ಉಳಿಸಿದ ಶುಲ್ಕವನ್ನು ದಾಟಿತ್ತು.

"ಅಲ್ರಿ, ಸರ್ಕಾರಿ ಬಸ್ಸು ಹೆಣ್ಮಕ್ಕಳಿಗೆ ಪುಕ್ಕಟ ಐತಿ. ನನ್ನ ಕಳಿಸಿದ್ರ ಆಧಾರ್ ಕಾರ್ಡ್ ತೋರಿಸಿ ಹೋಗಿ ಬರ್ತಿದ್ನಲ್ರಿ."

ನಾಳೆ ಶಿರವಾಳದ ಶಾಲೆಯಲ್ಲಿ ಏಳನೆಯ ತರಗತಿಗೆ ನಾನು ಲಾಭ-ನಷ್ಟದ ಪಾಠ ಮಾಡಬೇಕು. ಅದಕ್ಕೂ ಇವಳನ್ನೇ ಕಳಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ.