ಆ ಹೆಗ್ಡೆ ಯಾರು?

ಸ್ನೇಹಿತರೇ, ಇವತ್ತು ಬೈಕುಲ್ಲಾದ ನಮ್ಮ ಕಾಲೇಜಿನಲ್ಲಿ ನನ್ನ ಬಡ್ತಿಯ ಸಂದರ್ಶನವಿತ್ತು. ಸಂದರ್ಶನ ಸಮಿತಿಯ ಅಧ್ಯಕ್ಷರು ಮೇಜಿನ ಮೇಲೆ ಎರಡು ಲೇಖನಗಳನ್ನು ಪಕ್ಕಪಕ್ಕದಲ್ಲಿಟ್ಟರು.

"ಮಿಸೆಸ್ ಶೆಟ್ಟಿ, ಹತ್ತಿ ಮಿಲ್ ಕಾರ್ಮಿಕರ ಕೆಮ್ಮಿನ ಬಗ್ಗೆ ನೀವು ಬರೆದದ್ದನ್ನು ಡಾಕ್ಟರುಗಳೆಲ್ಲ ಉಲ್ಲೇಖಿಸ್ತಾರೆ. ಆದರೆ ಅದರ ಮೂಲ ವಿಚಾರ ಹತ್ತಿ ಗಿಡದ ಮೇಲಿನ ಈ ಹಳೇ ಲೇಖನದಲ್ಲಿದೆ. ಬರೆದವರು ಯಾರೋ ಹೆಗ್ಡೆ. ಇದು ಕಳ್ಳತನ ಅಲ್ವಾ?"

"ಹೆಗ್ಡೆ ನಾನೇ ಸರ್. ಅದು ಮದುವೆಗೆ ಮುಂಚಿನ ಹೆಸರು. ನನ್ನ ಡಿಗ್ರಿಯಲ್ಲೂ ಹಾಗೇ ಇದೆ."

"ಆ ಹೆಗ್ಡೆ ನೀವೇ ಅನ್ನೋದಕ್ಕೆ ಪುರಾವೆ?"

ಯಾರೂ ನಗಲಿಲ್ಲ. ಸೋಮವಾರದೊಳಗೆ ಮ್ಯಾರೇಜ್ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಬಡ್ತಿಯ ಬದಲು ವಿಚಾರಣೆ ಎಂದರು.

ರೈಲು ಬದಲಿಸಿ ಹತ್ತಿದ ಬೊರಿವಲಿ ಲೋಕಲ್‌ನಲ್ಲಿ ಉದ್ದಕ್ಕೂ ನಿಂತೇ ಬಂದೆ. ಸೀಟು ಖಾಲಿಯಾದದ್ದೂ ಗೊತ್ತಾಗಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರೂ ತಲೆಯ ಮೇಲೆ ಕೈಹೊತ್ತರು.

"ಸರ್ಟಿಫಿಕೇಟ್ ಎಲ್ಲಿಂದ ತರುವುದು ಮಾರಾಯ್ತಿ? ನಮ್ಮ ಮದುವೆ ಊರಲ್ಲಿ ಆದದ್ದಲ್ವಾ? ಊಟ ಮಾಡಿ ಹೋದವರೇ ಸಾಕ್ಷಿ."

ಈಗ ಮದುವೆ ಮಾಡಿಸಿದ ಭಟ್ಟರಿಗೆ, ಮದುವೆ ಆದದ್ದು ನಿಜ ಎಂದು ಬರೆದುಕೊಡಿ ಅಂತ ತಂತಿ ಕಳಿಸಿ ಬಂದಿದ್ದೇನೆ. ಸಸ್ಯಶಾಸ್ತ್ರ, ವೈದ್ಯಶಾಸ್ತ್ರ ಎರಡರಲ್ಲೂ ನನ್ನ ಹೆಸರು ಉಳಿಸುವ ಪಂಡಿತರು ಸದ್ಯಕ್ಕೆ ಅವರೊಬ್ಬರೇ.