ಅಕ್ಕನ ಕಾಗದಗಳ ಹಿಂಬದಿ

ಮೊನ್ನೆ ಸಿಡ್ನಿಯ ನಾರ್ವೆಸ್ಟ್‌ನ ಆಫೀಸಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದೆ. ಮೆಲ್ಬರ್ನಿನ ಗ್ರಂಥಾಲಯವೊಂದು ತನ್ನ ಹಳೆಯ ಸಂಗ್ರಹವನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿದೆಯೆಂದು ತಿಳಿದು, ಎಂಟು ವರ್ಷದ ಹಿಂದೆ ನಾನೇ ತೆಗೆದ ಫೋಟೋಗಳು ಅಲ್ಲಿವೆಯೋ ಎಂದು ಹುಡುಕಿದೆ. ಇದ್ದವು. ಕೊಡೆ ಹಿಡಿದ ನಾಯಿ, ಕೊಕ್ಕಿನಲ್ಲಿ ಟಪಾಲು ಕಚ್ಚಿಕೊಂಡ ಪೆಲಿಕನ್ ಹಕ್ಕಿ, ತನ್ನ ಮೂಗನ್ನು ತಾನೇ ಸೌತೆಕಾಯಿಯಷ್ಟು ಉದ್ದ ಬರೆದುಕೊಂಡ ಮುದುಕ. ಚಿತ್ರದ ಮೇಲೆ ಒತ್ತಿದರೆ ಕಾಗದ ಮಗುಚಿ ಹಿಂದಿನ ಬರಹ ಕಾಣುತ್ತದೆ. ನಾಲ್ಕೈದು ಸಲ ಮಗುಚಿದೆ. ಆಮೇಲೆ ಚಿತ್ರಾನ್ನದ ಡಬ್ಬಿ ಮುಚ್ಚಿಟ್ಟೆ.

ಏಕೆಂದು ಹೇಳುತ್ತೇನೆ. ಕೋರ್ಸ್ ಮುಗಿಸಿ, ಇಲ್ಲೇ ಕಾಯಂ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಿ, ಸಿಕ್ಕ ಸಿಕ್ಕ ಕೆಲಸಕ್ಕೆಲ್ಲ ಹೂಂ ಅನ್ನುತ್ತಿದ್ದ ಕಾಲವದು. ಭಾನುವಾರ ಪೆಟ್ರೋಲ್ ಬಂಕು, ಉಳಿದ ದಿನ ಆ ಗ್ರಂಥಾಲಯದ ನೆಲಮಾಳಿಗೆ. ಎಂದೋ ಸತ್ತುಹೋದ ಬಿಳಿಯ ಚಿತ್ರಕಾರನೊಬ್ಬ ತನ್ನ ತಂಗಿಯ ಮಗಳಿಗೆ ಬರೆದ ಕಾಗದ, ಕಾರ್ಡುಗಳ ಫೋಟೋ ತೆಗೆಯುವುದು ನನ್ನ ಕೆಲಸ. ಎಲ್ಲದರಲ್ಲೂ ಮುಂದೆ ಚಿತ್ರ, ಹಿಂದೆ ಬರಹ. ಕೈ ತೊಳೆದು ಒರೆಸಿಕೊಂಡು, ಒಂದೊಂದನ್ನೂ ಹಸುಗೂಸಿನಂತೆ ಎರಡು ಕೈಯಲ್ಲಿ ಎತ್ತಿ ಕ್ಯಾಮೆರಾದ ಕೆಳಗೆ ಮಲಗಿಸಬೇಕು. ಚಿತ್ರಕ್ಕೊಂದು ದೀಪ, ಬರಹಕ್ಕೊಂದು ದೀಪ. ಗಳಿಗೆಗೊಮ್ಮೆ ದೀಪ ಬದಲಿಸಲಾದೀತೇ? ಹಾಗಾಗಿ ಮೊದಲು ಅಷ್ಟೂ ಕಾಗದಗಳ ಚಿತ್ರದ ಮಗ್ಗುಲು, ಅದು ಮುಗಿದ ಮೇಲೆ ಅಷ್ಟರದೂ ಬರಹದ ಮಗ್ಗುಲು ಎಂದು ಪದ್ಧತಿ. ಬರಹಕ್ಕೇನು ಅವಸರ, ಅದು ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಿದ್ದಳು ಮೇಲ್ವಿಚಾರಕಿ ಹೆಲೆನ್.

ಇಂಥವೇ ಕಾಗದಗಳು ನನಗೂ ಬರುತ್ತಿದ್ದವು. ಅಕ್ಕ ಗದಗಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಡ್ರಾಯಿಂಗ್ ಹಾಳೆಯನ್ನು ಅರ್ಧ ಮಾಡಿ ಮುಂದೆ ಚಿತ್ರ ಬರೆಯುತ್ತಿದ್ದಳು: ಭಾವ ಕೆಟ್ಟ ಸ್ಕೂಟರ್ ತಳ್ಳುತ್ತಿರುವುದು, ಹೆಡ್‌ಮಾಸ್ತರರ ತಲೆಯ ಮೇಲೆ ಕಾಗೆ ಕೂತದ್ದು. ಮೂಲೆಯಲ್ಲಿ ಬಳೆ ತೊಟ್ಟ ಒಂದು ಕೈ, ಬೆರಳು ಚಾಚಿ, "ಹಿಂದ ನೋಡು" ಎನ್ನುತ್ತಿರುತ್ತಿತ್ತು. ಹಿಂದೆ ಇರುವೆ ಸಾಲಿನಂಥ ಅಕ್ಷರ, ಅಂಚಿನಿಂದ ಅಂಚಿಗೆ. ನಾನು ಚಿತ್ರ ನೋಡಿ ನಗುತ್ತಿದ್ದೆ, ಜೊತೆಗಿದ್ದ ಮಂಗಳೂರಿನ ವಿಲ್ಫ್ರೆಡ್‌ಗೂ ತೋರಿಸುತ್ತಿದ್ದೆ, ಬೂಟಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಬರಹವನ್ನು ಭಾನುವಾರ ಸಾವಕಾಶವಾಗಿ ಓದಿದರಾಯಿತು. ಭಾನುವಾರ ಪೆಟ್ರೋಲ್ ಬಂಕು ಎಂದು ಆಗಲೇ ಹೇಳಿದೆನಲ್ಲ. ಕೆಲವನ್ನು ಓದಿದೆ, ಕೆಲವನ್ನು ಓದಲೇ ಇಲ್ಲ.

ಕೊನೆಗೆ ಬಂದದ್ದು ಟ್ರಾಮಿನ ಚಿತ್ರ. ಅಕ್ಕ ಟ್ರಾಮ್ ಕಂಡವಳಲ್ಲ. ನಾನು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ಗದಗ-ಬೆಟಗೇರಿ ಸಿಟಿ ಬಸ್ಸನ್ನೇ ಹಳಿಯ ಮೇಲೆ ಕೂರಿಸಿದ್ದಳು. ಕಿಟಕಿಯಲ್ಲಿ ತಾನು, ತೊಡೆಯ ಮೇಲೊಂದು ಟ್ರಂಕು. ಮೂಲೆಯ ಕೈಗೆ ಈ ಸಲ ಕೆಂಪು ಬಣ್ಣ. ಆ ವಾರ ಕಾಲಿಂಗ್ ಕಾರ್ಡ್ ಹಾಕಿ ಫೋನ್ ಮಾಡಿದೆ.

"ಪತ್ರ ಮುಟ್ಟಿತೇನು?" ಎಂದು ಕೇಳಿದಳು.

"ಮುಟ್ಟಿತಕ್ಕ. ಟ್ರಾಮ್ ಭಾರಿ ಬಂದದ."

"ಹಿಂದ ಓದಿದೇನು?"

"ಹೂಂ, ಓದೀನಿ."

"ಮತ್ತ? ಏನಂತಿ?"

ಓದಿಲ್ಲ ಎನ್ನಲು ನಾಚಿಕೆಯಾಯಿತು. ಯಾವ ಪ್ರಶ್ನೆಗೂ ಹೊಂದುವಂಥ ಉತ್ತರವೊಂದನ್ನು ಕೊಟ್ಟೆ. "ಈಗ ಆಗೂದಿಲ್ಲಕ್ಕ. ಮುಂದ ನೋಡೂಣಂತ."

"ಆತು ಬಿಡು," ಅಂದಳು. ಆಮೇಲೆ ಊಟಕ್ಕೆ ಏನು ಮಾಡಿಕೊಂಡೆ ಎಂದು ಕೇಳಿದಳು.

ಫೋನ್ ಇಟ್ಟವನೇ ಕಾಗದ ತೆಗೆದು ಓದಬಹುದಿತ್ತು. ಓದಲಿಲ್ಲ. ಯಾವುದಕ್ಕೆ ಆಗುವುದಿಲ್ಲ ಅಂದೆನೋ ಅದು ತಿಳಿದುಬಿಡುತ್ತದೆಂಬ ಹೆದರಿಕೆ. ಹೇಡಿ ನಾನು, ಸುತ್ತಿ ಬಳಸಿ ಏಕೆ ಹೇಳಲಿ. ಬದಲಿಗೆ ದೊಡ್ಡ ಕೆಲಸ ಮಾಡುವವನಂತೆ, ಹೆಲೆನ್‌ಳ ಅಪ್ಪಣೆ ಪಡೆದು, ಊಟದ ಬಿಡುವಿನಲ್ಲಿ ಅಕ್ಕನ ಕಾಗದಗಳ ಫೋಟೋ ತೆಗೆದು ಸಿ.ಡಿ.ಗೆ ಹಾಕಿಕೊಂಡೆ. ಪದ್ಧತಿಯಂತೆ ಮೊದಲು ಚಿತ್ರದ ಮಗ್ಗುಲು. ಬರಹದ ಸರದಿ ಬರುವ ಮೊದಲೇ ಪಿಆರ್ ಬಂತು, ನಾರ್ತ್ ಸಿಡ್ನಿಯಲ್ಲಿ ಕೆಲಸವೂ ಸಿಕ್ಕಿತು. ವಿಮಾನಕ್ಕೆ ಒಂದೇ ಸೂಟ್‌ಕೇಸ್. ಕುಕ್ಕರ್ ಹಾಕಿಕೊಂಡೆ, ಬೂಟಿನ ಡಬ್ಬಿಯನ್ನು ವಿಲ್ಫ್ರೆಡ್‌ನ ಮಂಚದ ಕೆಳಗೆ ಬಿಟ್ಟೆ.

ಎಂಟು ತಿಂಗಳಿಗೆ ಅಕ್ಕ ಹೋದಳು. ಬಹಳ ದಿನದಿಂದ ಮೈಯಲ್ಲಿ ಸರಿಯಿರಲಿಲ್ಲವಂತೆ. "ನಾನ ಅವಗ ಪತ್ರ ಬರದು ತಿಳಸ್ತೀನಿ, ನೀವು ಹೇಳಬ್ಯಾಡ್ರಿ ಅಂದಿದ್ಲು," ಎಂದರು ಭಾವ, ಫೋನಿನಲ್ಲಿ. "ಬರದಿರಲಿಲ್ಲೇನು?"

"ಇಲ್ಲ ಭಾವ," ಅಂದೆ. "ಏನೂ ಬರದಿರಲಿಲ್ಲ."

ಆ ಕ್ಷಣವೇ ವಿಲ್ಫ್ರೆಡ್‌ಗೆ ಫೋನ್ ಮಾಡಿದೆ. ಅವನು ಮನೆ ಬದಲಿಸಿದ್ದ. ಮಂಚದ ಕೆಳಗಿನದನ್ನೆಲ್ಲ, ಕೌನ್ಸಿಲಿನವರು ಹಳೆಯ ಸಾಮಾನು ಒಯ್ಯುವ ದಿನ ಬೀದಿಗೆ ಇಟ್ಟಿದ್ದನಂತೆ. "ಸಾರಿ ಮಾರಾಯ, ಹಳೇ ಪೇಪರ್ ಅಂತ ಎಣಿಸಿದೆ ನಾನು," ಅಂದ. ಅವನನ್ನು ಬೈಯಲು ನನಗೆ ಯಾವ ಮುಖವಿತ್ತು? ಅಪರಿಚಿತ ಮುದುಕನ ಕಾಗದಗಳನ್ನು ಕೈ ತೊಳೆದು ಮುಟ್ಟಿದವನು, ಒಡಹುಟ್ಟಿದವಳದನ್ನು ಕುಕ್ಕರಿಗಿಂತ ಕಡೆ ಮಾಡಿದ್ದೆ. ಅಕ್ಕ ಹಣ ಕೇಳಿದ್ದಳೋ, ಇಲ್ಲಿಗೆ ಬರುತ್ತೇನೆ ಅಂದಿದ್ದಳೋ, ಒಮ್ಮೆ ಬಂದು ಹೋಗು ಅಂದಿದ್ದಳೋ. ಏನು ಕೇಳಿದ್ದರೂ ನಾನು ಆಗುವುದಿಲ್ಲ ಅಂದಿದ್ದೇನೆ.

ಮೊನ್ನೆ ಸಂಜೆ ದಿ ಪಾಂಡ್ಸ್ ಬಡಾವಣೆಯ ಮನೆಗೆ ಬಂದವನು ಗರಾಜಿನಲ್ಲಿ ಹುಡುಕಿ ಆ ಸಿ.ಡಿ. ತೆಗೆದು, ಟ್ರಾಮಿನ ಚಿತ್ರವನ್ನು ಪ್ರಿಂಟ್ ಮಾಡಿದೆ. ಐದು ವರ್ಷದ ಮಗಳು ಓಡಿಬಂದು ಕೈಯಿಂದ ಕಿತ್ತುಕೊಂಡಳು. ಅವಳಿಗೆ ಕನ್ನಡ ಓದಲು ಬಾರದು. ಆದರೂ ಆ ಕೆಂಪು ಬೆರಳನ್ನು ನೋಡಿದ್ದೇ ತಡ, ಹಾಳೆಯನ್ನು ಮಗುಚಿದಳು.

"ನಥಿಂಗ್ ಹಿಯರ್, ಅಪ್ಪಾ."

"ಇತ್ತವಾ. ನಿಮ್ಮತ್ತಿ ಬರದಿದ್ಲು. ನಾ ಓದಲಿಲ್ಲ."

ಈ ಮಾತನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಮಗಳು ನನ್ನ ಮುಖ ನೋಡಿ, ಏನನ್ನಿಸಿತೋ, ಮೊಣಕಾಲು ತಟ್ಟಿದಳು. "ದಟ್ಸ್ ಓಕೆ, ಅಪ್ಪಾ."

ಆತು ಬಿಡು ಎಂದು ಅಕ್ಕನೂ ಹೀಗೇ ಅಂದಿದ್ದಳು. ಅವತ್ತು ಒಪ್ಪಿಕೊಂಡು ಸುಮ್ಮನಾಗಿದ್ದೆ.

"ಇಲ್ಲವಾ," ಅಂದೆ ಮಗಳಿಗೆ. "ಓಕೆ ಅಲ್ಲ."