ಅಧ್ಯಕ್ಷರಿಗೆಂದು ತಂದ ಶಾಲು

ಭಾನುವಳ್ಳಿಯಿಂದ ಹರಿಹರಕ್ಕೆ ಹೋಗುತ್ತಿದ್ದ ಬೆಳಗಿನ ಬಸ್ಸು ರದ್ದಾದದ್ದು ಒಂದು ಸೋಮವಾರ. ಹರಿಹರದ ಬಟ್ಟೆ ಹೊಲಿಯುವ ಕಾರ್ಖಾನೆಗೆ ನನ್ನ ಚಿಕ್ಕಮ್ಮ, ಊರಿನ ಇನ್ನಷ್ಟು ಹೆಂಗಸರು ಹೋಗುತ್ತಿದ್ದದ್ದು ಅದರಲ್ಲೇ. ಗೇಟು ಮುಚ್ಚಿದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಹಾಗೇ ನಡೆದರೆ ಕೆಲಸವೇ ಹೋಗುತ್ತದೆ.

ಚಿಕ್ಕಮ್ಮನ ಅಣ್ಣ, ನನ್ನ ಮಾಮ, ದಾವಣಗೆರೆಯ ಒಂದು ಸೇವಾ ಸಂಘದ ಕಾರ್ಯದರ್ಶಿ. ಅಲ್ಲಿ ಸೇರಬೇಕಾದರೆ ಹಳೆಯ ಸದಸ್ಯರಿಬ್ಬರು ಹೆಸರು ಸೂಚಿಸಬೇಕು, ಆಮೇಲೆ ಕೋಟಿನ ಮೇಲೆ ಸಂಘದ ಬಿಲ್ಲೆ. ಕಣ್ಣಿನ ತಪಾಸಣೆ, ಶಾಲೆಗೆ ಬೆಂಚು, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಾರೆ. ದಿನಾಂಕ, ಹಾಜರಿ ಬರೆದಿಡುವ ಚಟ ನನಗಿರುವುದರಿಂದ ಅವರ ಸಭೆಗಳ ವರದಿ ಬರೆಯುವವಳು ನಾನೇ. ಸುದ್ದಿ ತಿಳಿದ ವಾರದಲ್ಲೇ ಸಂಘ ಆ ಹೆಂಗಸರಿಗೆ ಆಟೊ ಗೊತ್ತುಮಾಡಿತು, ಒಂದು ತಿಂಗಳ ಮಟ್ಟಿಗೆ.

ಚಿಕ್ಕಮ್ಮ ಆಟೊ ಹತ್ತಿದಳು. ಆದರೆ ಬಸ್ಸು ಮತ್ತೆ ಬಿಡಬೇಕೆಂದು ಆ ಹೆಂಗಸರೆಲ್ಲ ದಿನಾ ಸಂಜೆ ಹರಿಹರದ ಬಸ್ ನಿಲ್ದಾಣದ ಮುಂದೆ ನಡೆಸುತ್ತಿದ್ದ ಧರಣಿಯಲ್ಲಿ ಕೂರುವುದನ್ನು ಬಿಡಲಿಲ್ಲ.

"ಆಟೊ ಕೊಟ್ಟೀವಲ್ಲೇ, ಇನ್ನೂ ಯಾಕ ಕುಂದ್ರುತೀಯ?" ಮಾಮ ಫೋನಿನಲ್ಲಿ ಗೊಣಗಿದ.

"ಕೊಟ್ಟಿದ್ದು ನಿನ್ನ ದೊಡ್ಡ ಮನಸ್ಸು ಕಣಣ್ಣ. ಬಸ್ಸು ನಮ್ದು. ಅದನ್ನ ಕೇಳಿ ತಗೋಬೇಕು."

ಒಂದು ಸಂಜೆ ನಾನೂ ಹೋದೆ. ಅಭ್ಯಾಸಬಲದಿಂದ, "ಇಲ್ಲಿ ಸದಸ್ಯರು ಯಾರ್‍ಯಾರು?" ಎಂದು ಕೇಳಿಬಿಟ್ಟೆ. ಎಲ್ಲರೂ ನಕ್ಕರು.

"ಕುಂತೋರೆಲ್ಲ ಸದಸ್ಯರೇ. ನೀನೂ ಕುಂದ್ರವ್ವ, ನೀನೂ ಆದೆ," ಎಂದಳು ನಿಲ್ದಾಣದಲ್ಲಿ ಹೂ ಮಾರುವ ಅಜ್ಜಿ. ಆಕೆ ಆ ಬಸ್ಸನ್ನು ಒಮ್ಮೆಯೂ ಹತ್ತಿದವಳಲ್ಲ. ನಾನು ಕುಳಿತೆ.

ತಿಂಗಳು ಮುಗಿಯುವುದರೊಳಗೆ ಬಸ್ಸು ಮತ್ತೆ ಬಂತು. ಮೊದಲ ಬೆಳಗ್ಗೆ ಮಾಮ ನನ್ನನ್ನು ಕರೆದುಕೊಂಡು ಶಾಲು, ಹಾರದೊಂದಿಗೆ ಭಾನುವಳ್ಳಿಗೆ ಹಾಜರಾದ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು.

"ಹೋರಾಟದ ಅಧ್ಯಕ್ಷರು ಯಾರ್ರಿ? ಮುಂದೆ ಬರ್ರಿ!"

ಒಬ್ಬಳು ಇನ್ನೊಬ್ಬಳನ್ನು ತೋರಿಸಿದಳು. ಆಕೆ ಚಿಕ್ಕಮ್ಮನನ್ನು ತೋರಿಸಿದಳು. ಚಿಕ್ಕಮ್ಮ ನನ್ನನ್ನು! ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ.

"ಅಣ್ಣಾ, ಡ್ರೈವರ್ ಸಾಹೇಬ್ರಿಗೆ ಹೊದಿಸು, ಚಳಿ ಐತೆ. ನಮಗೆ ಗೇಟ್ ಮುಚ್ತಾರೆ," ಎನ್ನುತ್ತಾ ಚಿಕ್ಕಮ್ಮ ಹತ್ತಿಯೇಬಿಟ್ಟಳು.

ಮಾಮ ಬೇರೆ ದಾರಿಯಿಲ್ಲದೆ ಡ್ರೈವರಿಗೇ ಶಾಲು ಹೊದಿಸಿದ. ಬಸ್ಸು ಹೊರಟುಹೋಯಿತು. ಹಾರ ಅವನ ಕೈಯಲ್ಲೇ ಉಳಿಯಿತು.

"ಅಧ್ಯಕ್ಷರೇ ಇಲ್ದೆ ಹೆಂಗೆ ನಡೀತದೆ ಇದು?"

"ನಡೀತಲ್ಲ ಮಾಮ."

ಆ ದಿನದ ವರದಿಯಲ್ಲಿ ಸನ್ಮಾನಿತರು ಎಂಬಲ್ಲಿ ಬಸ್ ಚಾಲಕರು ಎಂದೇ ಬರೆದೆ. ಬರೆಯುತ್ತಿರುವಾಗಲೇ ಚಿಕ್ಕಮ್ಮನ ಮೆಸೇಜು ಬಂತು: "ಒಳಗೆ ಬಂದೆ. ಗೇಟು ಇನ್ನೂ ತೆರೆದೇ ಐತೆ."